ಪ್ರೊಸೆಸರ್ ಪೈಪೋಟಿ: ಹಿಂದೆ ಬಿದ್ದ ಕಂಪನಿ ಮುಂದಿರುವ ಕಂಪನಿಯನ್ನು ಹಿಡಿಯುವುದು ಹೇಗೆ?

2025ರ ಆಗಸ್ಟ್‌ನಲ್ಲಿ ಅಮೆರಿಕದ ಸರ್ಕಾರ ಸುಮಾರು 890 ಕೋಟಿ ಡಾಲರ್ ಮೌಲ್ಯದ ಒಪ್ಪಂದದ ಮೂಲಕ ಇಂಟೆಲ್ ಕಂಪನಿಯ ಸುಮಾರು ಶೇ 10ರಷ್ಟು ಪಾಲು ಪಡೆಯಲು ಮುಂದಾಯಿತು. ಜಗತ್ತಿನ ಬಹುಪಾಲು ಪರ್ಸನಲ್ ಕಂಪ್ಯೂಟರ್‌ಗಳಿಗೆ ದಶಕಗಳ ಕಾಲ ಪ್ರೊಸೆಸರ್ ಒದಗಿಸಿದ ಕಂಪನಿಯೊಂದರಲ್ಲಿ ಸರ್ಕಾರವೇ ಪಾಲುದಾರನಾಗುವ ಸ್ಥಿತಿ ಬರಬಹುದೆಂದು ಹತ್ತು ವರ್ಷಗಳ ಹಿಂದೆ ಯಾರೂ ಊಹಿಸಿರಲಿಲ್ಲ. ಅದರ ಹಿಂದಿನ ವರ್ಷವಷ್ಟೇ ಇಂಟೆಲ್ ಸುಮಾರು 1,880 ಕೋಟಿ ಡಾಲರ್ ನಷ್ಟ ತೋರಿಸಿತ್ತು. ಹೀಗೆ ಕುಸಿದ ಕಂಪನಿ ಮತ್ತೆ ಮುಂಚೂಣಿಗೆ ಬರಬಲ್ಲದೇ ಎಂಬ ಪ್ರಶ್ನೆ ಈಗ ಹೂಡಿಕೆದಾರರನ್ನು ದಾಟಿ, ಕಂಪ್ಯೂಟರ್ ಬಳಸುವ ಎಲ್ಲರ ಬಳಿಗೂ ಬಂದಿದೆ.

ಈ ಪ್ರಶ್ನೆಯನ್ನು ಅರ್ಥಮಾಡಿಕೊಳ್ಳಲು ನೆರವಾಗುವ ಉದಾಹರಣೆ ಇಂಟೆಲ್‌ನ ಎದುರಾಳಿಯ ಬಳಿಯೇ ಇದೆ. 2015ರಲ್ಲಿ ಎಎಂಡಿ ಕಂಪನಿಯ ಷೇರಿನ ಬೆಲೆ ಎರಡು ಡಾಲರ್‌ಗಿಂತ ಕೆಳಗಿತ್ತು. ಅದು ದಿವಾಳಿಯಾಗುವುದು ಯಾವಾಗ ಎಂಬುದಷ್ಟೇ ಚರ್ಚೆಯ ವಿಷಯವಾಗಿತ್ತು. ಅಂಥ ಕಂಪನಿ ಏಳು ವರ್ಷಗಳಲ್ಲಿ ಷೇರುಪೇಟೆಯ ಮೌಲ್ಯದಲ್ಲಿ ಇಂಟೆಲನ್ನು ಹಿಂದಿಕ್ಕಿತು. ಅದು ಸಾಧ್ಯವಾದ ಬಗೆಯನ್ನು ಬಿಡಿಸಿ ನೋಡಿದರೆ, ಈಗ ಇಂಟೆಲ್‌ಗೆ ಏನು ಸಾಧ್ಯ, ಏನು ಕಷ್ಟ ಎಂಬುದೂ ತಿಳಿಯುತ್ತದೆ.

ಕಣದಲ್ಲಿ ಇಬ್ಬರೇ ಏಕೆ?

ಪ್ರೊಸೆಸರ್ ಎಂದರೆ ಕಂಪ್ಯೂಟರಿನಲ್ಲಿ ಆದೇಶಗಳನ್ನು ಒಂದೊಂದಾಗಿ ಓದಿ ನೆರವೇರಿಸುವ ಚಿಪ್. ‘ಈ ಎರಡು ಸಂಖ್ಯೆಗಳನ್ನು ಕೂಡಿಸು’, ‘ಫಲಿತಾಂಶವನ್ನು ಆ ಜಾಗದಲ್ಲಿಡು’, ‘ಸೊನ್ನೆ ಬಂದರೆ ಬೇರೆಡೆಗೆ ಹೋಗು’ ಎಂಬಂಥ ಸರಳ ಆದೇಶಗಳ ಒಂದು ನಿಗದಿತ ಪಟ್ಟಿ ಪ್ರತಿಯೊಂದು ಪ್ರೊಸೆಸರ್ ಕುಟುಂಬಕ್ಕೂ ಇರುತ್ತದೆ. ಒಂದು ಪಟ್ಟಿಗಾಗಿ ಸಿದ್ಧಪಡಿಸಿದ ತಂತ್ರಾಂಶ ಇನ್ನೊಂದು ಪಟ್ಟಿಯ ಪ್ರೊಸೆಸರ್ ಮೇಲೆ ನೇರವಾಗಿ ಓಡುವುದಿಲ್ಲ.

1978ರಲ್ಲಿ ಇಂಟೆಲ್ ಹೊರತಂದ 8086 ಚಿಪ್‌ನ ಆದೇಶಪಟ್ಟಿಯೇ ಇಂದಿನ ‘ಎಕ್ಸ್86’ ಕುಟುಂಬದ ಮೂಲ. ಅದೇ ಚಿಪ್‌ನ ಅಗ್ಗದ ರೂಪವಾದ 8088ನ್ನು ಐಬಿಎಂ ತನ್ನ 1981ರ ಪರ್ಸನಲ್ ಕಂಪ್ಯೂಟರಿಗೆ ಆರಿಸಿಕೊಂಡಿತು. ಬಿಡಿಭಾಗಕ್ಕೆ ಒಬ್ಬನೇ ಪೂರೈಕೆದಾರನನ್ನು ನಂಬಿ ಕೂರುವುದು ಐಬಿಎಂಗೆ ಇಷ್ಟವಿರಲಿಲ್ಲ. ಆದ್ದರಿಂದ 1982ರಲ್ಲಿ ಇಂಟೆಲ್ ಎಎಂಡಿಯೊಂದಿಗೆ ಒಪ್ಪಂದ ಮಾಡಿಕೊಂಡು, ಅದೇ ಚಿಪ್‌ಗಳನ್ನು ತಯಾರಿಸುವ ಹಕ್ಕನ್ನು ಅದಕ್ಕೂ ಕೊಟ್ಟಿತು. 386 ಚಿಪ್ ಬರುವ ಹೊತ್ತಿಗೆ ಇಂಟೆಲ್ ಮನಸ್ಸು ಬದಲಿಸಿ ವಿನ್ಯಾಸವನ್ನು ಹಂಚಿಕೊಳ್ಳಲು ನಿರಾಕರಿಸಿತು. ವರ್ಷಗಟ್ಟಲೆ ನಡೆದ ವ್ಯಾಜ್ಯ 1995ರಲ್ಲಿ ರಾಜಿಯಲ್ಲಿ ಮುಗಿದಾಗ, ಎಕ್ಸ್86 ಚಿಪ್‌ಗಳನ್ನು ತಯಾರಿಸುವ ಹಕ್ಕು ಎಎಂಡಿಯ ಕೈಯಲ್ಲಿ ಉಳಿದಿತ್ತು, ಆದರೆ ವಿನ್ಯಾಸವನ್ನು ಅದು ಸ್ವಂತವಾಗಿಯೇ ಮಾಡಿಕೊಳ್ಳಬೇಕಿತ್ತು. ಹೊಸಬರಿಗೆ ಆ ಹಕ್ಕು ಸಿಗುವುದಿಲ್ಲ. ವಿಂಡೋಸ್ ಲೋಕದ ಕಂಪ್ಯೂಟರ್‌ಗಳಲ್ಲಿ ಬಹುಕಾಲ ಈ ಎರಡು ಹೆಸರುಗಳೇ ಕಾಣಿಸಿಕೊಂಡದ್ದಕ್ಕೆ ಮುಖ್ಯ ಕಾರಣ ಇದು.

ವೇಗ ಎಲ್ಲಿಂದ ಬರುತ್ತದೆ?

ಪ್ರೊಸೆಸರ್‌ನ ಜಾಹೀರಾತಿನಲ್ಲಿ ಎದ್ದು ಕಾಣುವ ಗಿಗಾಹರ್ಟ್ಸ್ ಸಂಖ್ಯೆ, ಅದರ ಒಳಗಿನ ಗಡಿಯಾರ ಸೆಕೆಂಡಿಗೆ ಎಷ್ಟು ನೂರು ಕೋಟಿ ಬಾರಿ ಮಿಡಿಯುತ್ತದೆ ಎಂಬುದನ್ನು ಹೇಳುತ್ತದೆ. ಆದರೆ ಪ್ರತಿ ಮಿಡಿತಕ್ಕೆ ಎಷ್ಟು ಆದೇಶಗಳು ಮುಗಿಯುತ್ತವೆ ಎಂಬುದೂ ಅಷ್ಟೇ ಮುಖ್ಯ. ನಡೆಯುವವನು ನಿಮಿಷಕ್ಕೆ ಎಷ್ಟು ಹೆಜ್ಜೆ ಇಡುತ್ತಾನೆ ಎಂಬುದರ ಜೊತೆಗೆ ಪ್ರತಿ ಹೆಜ್ಜೆ ಎಷ್ಟು ಉದ್ದ ಎಂಬುದೂ ಗೊತ್ತಾದರೆ ಮಾತ್ರ ಅವನು ಕ್ರಮಿಸಿದ ದೂರ ತಿಳಿಯುವಂತೆ, ಇವೆರಡನ್ನೂ ಗುಣಿಸಿದಾಗಲೇ ಒಂದು ಕೋರ್‌ನ ನಿಜವಾದ ವೇಗ ಸಿಗುತ್ತದೆ. ಕೋರ್ ಎಂದರೆ ಸ್ವತಂತ್ರವಾಗಿ ಆದೇಶ ನೆರವೇರಿಸಬಲ್ಲ ಒಂದು ಘಟಕ. ಇಂದಿನ ಒಂದು ಚಿಪ್‌ನಲ್ಲಿ ಇಂಥ ನಾಲ್ಕರಿಂದ ನೂರಕ್ಕೂ ಹೆಚ್ಚು ಘಟಕಗಳಿರಬಹುದು.

ಹೆಜ್ಜೆಯ ಉದ್ದವನ್ನು ಬಹುಮಟ್ಟಿಗೆ ನಿರ್ಧರಿಸುವುದು ವಿನ್ಯಾಸ. ಆದರೆ ಆ ವಿನ್ಯಾಸಕ್ಕೆ ಎಷ್ಟು ಟ್ರಾನ್ಸಿಸ್ಟರ್‌ಗಳು (ವಿದ್ಯುತ್ತನ್ನು ಹರಿಸುವ, ತಡೆಯುವ ಸೂಕ್ಷ್ಮ ಸ್ವಿಚ್‌ಗಳು) ದೊರೆಯುತ್ತವೆ, ಅವು ಎಷ್ಟು ವಿದ್ಯುತ್ ನುಂಗುತ್ತವೆ, ಎಷ್ಟು ಬೇಗ ಮಿಡಿಯಬಲ್ಲವು ಎಂಬುದನ್ನು ನಿರ್ಧರಿಸುವುದು ತಯಾರಿಕೆ. ತಯಾರಿಕೆ ನಡೆಯುವ ಕಾರ್ಖಾನೆಗೆ ‘ಫ್ಯಾಬ್’ ಎನ್ನುತ್ತಾರೆ. ಬೇರೆಯವರ ವಿನ್ಯಾಸಗಳನ್ನು ಕೂಲಿಗೆ ತಯಾರಿಸಿಕೊಡುವ ಫ್ಯಾಬ್‌ಗಳ ವ್ಯವಹಾರಕ್ಕೆ ‘ಫೌಂಡ್ರಿ’ ಎಂದು ಹೆಸರು. 14, 10, 7 ನ್ಯಾನೊಮೀಟರ್ ಎಂಬ ಸಂಖ್ಯೆಗಳು ತಯಾರಿಕೆಯ ತಲೆಮಾರುಗಳ ಹೆಸರುಗಳು. ಒಂದು ಕಾಲದಲ್ಲಿ ಅವು ಟ್ರಾನ್ಸಿಸ್ಟರ್‌ನ ನಿಜವಾದ ಅಳತೆಯನ್ನು ಸೂಚಿಸುತ್ತಿದ್ದವು, ಈಗ ಹಾಗಿಲ್ಲ. ಒಂದು ಕಂಪನಿಯ 10 ಇನ್ನೊಂದರ 7ಕ್ಕೆ ಸಮನಾಗಿರಬಹುದಾದ್ದರಿಂದ ಬರೀ ಸಂಖ್ಯೆಗಳನ್ನು ಹೋಲಿಸಿ ತೀರ್ಪು ಕೊಡುವುದು ಸರಿಯಲ್ಲ.

ಈ ಲೇಖನದ ಮುಂದಿನ ಭಾಗ ಅರ್ಥವಾಗಲು ವಿನ್ಯಾಸ ಮತ್ತು ತಯಾರಿಕೆಯ ಈ ವ್ಯತ್ಯಾಸ ನೆನಪಿದ್ದರೆ ಸಾಕು. ಎಎಂಡಿ ಮತ್ತು ಇಂಟೆಲ್ ಎರಡೂ ಬಹುಕಾಲ ಎರಡೂ ಕೆಲಸಗಳನ್ನು ತಾವೇ ಮಾಡುತ್ತಿದ್ದವು.

ಒಮ್ಮೆ ಕೈಗೆ ಬಂದು ಜಾರಿದ ಗೆಲುವು

ಎಎಂಡಿ ಇಂಟೆಲನ್ನು ಹಿಡಿದದ್ದು ಇದೇ ಮೊದಲಲ್ಲ. 1999ರ ಅಥ್ಲಾನ್ ಚಿಪ್ ಇಂಟೆಲ್‌ಗೆ ಸರಿಸಾಟಿಯಾಗಿ ನಿಂತಿತು. 2000ದ ಮಾರ್ಚ್‌ನಲ್ಲಿ ಒಂದು ಗಿಗಾಹರ್ಟ್ಸ್ ಗಡಿಯನ್ನು ಎಎಂಡಿ ಕೆಲವೇ ದಿನಗಳ ಅಂತರದಲ್ಲಿ ಮೊದಲು ದಾಟಿತು. ಅದಕ್ಕಿಂತ ದೊಡ್ಡ ಹೆಜ್ಜೆ 2003ರದ್ದು. ಹೆಚ್ಚು ಮೆಮೊರಿ ಬಳಸಲು ಬೇಕಾದ 64 ಬಿಟ್ ಯುಗಕ್ಕೆ ಇಂಟೆಲ್, ಎಚ್‌ಪಿ ಜೊತೆ ಸೇರಿ, ಇಟೇನಿಯಂ ಎಂಬ ಸಂಪೂರ್ಣ ಹೊಸ ಆದೇಶಪಟ್ಟಿಯನ್ನು ತಂದಿತ್ತು. ಹಳೆಯ ತಂತ್ರಾಂಶಗಳು ಅದರ ಮೇಲೆ ತೆವಳುತ್ತಿದ್ದವು. ಎಎಂಡಿ ಹಳೆಯ ಎಕ್ಸ್86 ಪಟ್ಟಿಯನ್ನೇ 64 ಬಿಟ್‌ಗೆ ಹಿಗ್ಗಿಸಿ ಆಪ್ಟೆರಾನ್ ಚಿಪ್ ಬಿಡುಗಡೆ ಮಾಡಿತು. ಮಾರುಕಟ್ಟೆ ಎಎಂಡಿಯ ದಾರಿಯನ್ನು ಆರಿಸಿಕೊಂಡಿತು, ಮರುವರ್ಷ ಇಂಟೆಲ್ ಕೂಡ ಅದನ್ನೇ ಅಳವಡಿಸಿಕೊಂಡಿತು. ಇಂದು ಇಂಟೆಲ್ ಮಾರುವ ಪ್ರತಿ ಲ್ಯಾಪ್‌ಟಾಪ್ ಚಿಪ್‌ನಲ್ಲೂ ಎಎಂಡಿ ರೂಪಿಸಿದ ಆ ವಿಸ್ತರಣೆ ಇದೆ ಎಂಬುದು ಈ ಪೈಪೋಟಿಯ ಸ್ವಾರಸ್ಯಗಳಲ್ಲಿ ಒಂದು.

ಆದರೂ ಆ ಗೆಲುವು ನಿಲ್ಲಲಿಲ್ಲ. ಒಂದು ಕಾರಣ ಮಾರಾಟದ ದಾರಿಗೆ ಸಂಬಂಧಿಸಿದ್ದು. ಕಂಪ್ಯೂಟರ್ ತಯಾರಕರು ಎಎಂಡಿಯನ್ನು ದೂರವಿಡಲಿ ಎಂದು ಇಂಟೆಲ್ ಷರತ್ತಿನ ರಿಯಾಯಿತಿಗಳನ್ನು ಕೊಡುತ್ತಿತ್ತು ಎಂದು ತೀರ್ಮಾನಿಸಿ ಐರೋಪ್ಯ ಆಯೋಗ 2009ರಲ್ಲಿ 106 ಕೋಟಿ ಯೂರೊ ದಂಡ ವಿಧಿಸಿತು. ಅದೇ ವರ್ಷ ಇಂಟೆಲ್ ಎಎಂಡಿಗೆ 125 ಕೋಟಿ ಡಾಲರ್ ಕೊಟ್ಟು ಮೊಕದ್ದಮೆಗಳನ್ನು ಮುಗಿಸಿಕೊಂಡಿತು. ರಿಯಾಯಿತಿಗಳ ಕುರಿತ ಆಯೋಗದ ತೀರ್ಮಾನವನ್ನು ಐರೋಪ್ಯ ನ್ಯಾಯಾಲಯ 2022ರಲ್ಲಿ ರದ್ದುಗೊಳಿಸಿತು ಎಂಬುದನ್ನೂ ಇಲ್ಲಿ ಹೇಳಬೇಕು. ಉಳಿದ ಆರೋಪಗಳಿಗಾಗಿ ಆಯೋಗ ಮರುವರ್ಷ 37.6 ಕೋಟಿ ಯೂರೊ ದಂಡವನ್ನು ಹೊಸದಾಗಿ ಹೇರಿತು.

ಎರಡನೆಯ ಕಾರಣ ಎಎಂಡಿಯ ಒಳಗೇ ಇತ್ತು. 2006ರಲ್ಲಿ ಇಂಟೆಲ್ ಕೋರ್ 2 ಚಿಪ್‌ಗಳೊಂದಿಗೆ ಮುನ್ನಡೆಯನ್ನು ಕಿತ್ತುಕೊಂಡ ವರ್ಷವೇ ಎಎಂಡಿ ಗ್ರಾಫಿಕ್ಸ್ ಕಂಪನಿ ಎಟಿಐಯನ್ನು 540 ಕೋಟಿ ಡಾಲರ್‌ಗೆ ಕೊಂಡು ಸಾಲದ ಹೊರೆ ಹೊತ್ತಿತು. ಫ್ಯಾಬ್‌ಗಳನ್ನು ನಡೆಸಲು ಹಣ ಸಾಲದೆ 2009ರಲ್ಲಿ ಅವನ್ನು ಅಬುಧಾಬಿಯ ಬಂಡವಾಳದೊಂದಿಗೆ ಗ್ಲೋಬಲ್‌ಫೌಂಡ್ರೀಸ್ ಎಂಬ ಪ್ರತ್ಯೇಕ ಕಂಪನಿಯಾಗಿ ಬಿಟ್ಟುಕೊಟ್ಟಿತು. 2011ರಲ್ಲಿ ಬಂದ ಬುಲ್‌ಡೋಜರ್ ವಿನ್ಯಾಸ ಕೊನೆಯ ಪೆಟ್ಟು. ಅದರಲ್ಲಿ ಎರಡೆರಡು ಕೋರ್‌ಗಳು ದಶಮಾಂಶ ಲೆಕ್ಕದ ಘಟಕವನ್ನೂ ಇತರ ಕೆಲವು ಭಾಗಗಳನ್ನೂ ಹಂಚಿಕೊಳ್ಳುತ್ತಿದ್ದವು. ಮುಂದೆ ತಂತ್ರಾಂಶಗಳೆಲ್ಲ ಹಲವು ಕೋರ್‌ಗಳನ್ನು ಒಟ್ಟಿಗೆ ಬಳಸುತ್ತವೆ, ಹಾಗಾಗಿ ಬಲವಾದ ಕೆಲವಕ್ಕಿಂತ ಹಗುರವಾದ ಹಲವು ಕೋರ್‌ಗಳೇ ಮೇಲು ಎಂಬುದು ಅದರ ಹಿಂದಿನ ಎಣಿಕೆ. ತಂತ್ರಾಂಶಗಳು ಆ ಹೊತ್ತಿಗೆ ಅಲ್ಲಿಗೆ ತಲುಪಿರಲಿಲ್ಲ. ಒಂದೊಂದೇ ಕೋರ್‌ನ ಕೆಲಸದಲ್ಲಿ ಬುಲ್‌ಡೋಜರ್ ಇಂಟೆಲ್‌ಗಿಂತ ಬಹಳ ಹಿಂದೆ ಉಳಿಯಿತು.

2015ರ ಲೆಕ್ಕ

ಆ ವರ್ಷ ಎಎಂಡಿಯ ಒಟ್ಟು ವರಮಾನ ಸುಮಾರು 400 ಕೋಟಿ ಡಾಲರ್, ನಷ್ಟ 66 ಕೋಟಿ ಡಾಲರ್. ಇಂಟೆಲ್‌ನ ವರಮಾನ 5,500 ಕೋಟಿ ಡಾಲರ್ ದಾಟಿತ್ತು. ಇಂಟೆಲ್ ಸಂಶೋಧನೆ ಮತ್ತು ಅಭಿವೃದ್ಧಿಗೆ ಮಾತ್ರ ಖರ್ಚು ಮಾಡಿದ ಮೊತ್ತ 1,200 ಕೋಟಿ ಡಾಲರ್‌ಗೂ ಹೆಚ್ಚು, ಅಂದರೆ ಎಎಂಡಿಯ ಇಡೀ ವ್ಯಾಪಾರದ ಮೂರು ಪಟ್ಟು. ಎಎಂಡಿ 2013ರಲ್ಲಿ ಆಸ್ಟಿನ್‌ನ ತನ್ನ ಕಚೇರಿ ಆವರಣವನ್ನು ಮಾರಿ, ಅಲ್ಲೇ ಬಾಡಿಗೆಗೆ ಕುಳಿತಿತ್ತು. ಅದರ ಉಸಿರು ಹಿಡಿದಿಟ್ಟದ್ದು ಆಟದ ಯಂತ್ರಗಳು: 2013ರ ಕೊನೆಗೆ ಬಂದ ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್ ಎರಡರಲ್ಲೂ ಎಎಂಡಿಯ ಚಿಪ್‌ಗಳೇ ಇದ್ದವು. ಲಾಭದ ಅಂಚು ತೆಳುವಾಗಿದ್ದರೂ ಆ ವ್ಯಾಪಾರ ನಿಯಮಿತವಾಗಿ ಹಣ ತಂದಿತು.

ಹಣ ಕಡಿಮೆಯಿದ್ದಾಗ ಏನನ್ನು ಬಿಡಬೇಕೆಂಬ ನಿರ್ಧಾರವೇ ಮುಖ್ಯವಾಗುತ್ತದೆ. 2014ರ ಅಕ್ಟೋಬರ್‌ನಲ್ಲಿ ಸಿಇಒ ಆದ ಲೀಸಾ ಸು, ಅಗ್ಗದ ಚಿಕ್ಕ ಚಿಪ್‌ಗಳ ಕಡೆಗಿನ ಹಂಬಲವನ್ನು ಕೈಬಿಟ್ಟು, ವೇಗದ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಮೇಲೆ ಶಕ್ತಿಯನ್ನೆಲ್ಲ ಕೇಂದ್ರೀಕರಿಸಿದರು. ‘ಝೆನ್’ ಎಂಬ ಹೊಸ ವಿನ್ಯಾಸದ ಕೆಲಸ ಅದಾಗಲೇ 2012ರಲ್ಲಿ, ಹೆಸರಾಂತ ವಿನ್ಯಾಸಕಾರ ಜಿಮ್ ಕೆಲ್ಲರ್ ಎಎಂಡಿಗೆ ಮರಳಿದ ಕಾಲದಲ್ಲಿ ಆರಂಭವಾಗಿತ್ತು. ಝೆನ್‌ನ ಕೀರ್ತಿಯನ್ನು ಕೆಲ್ಲರ್ ಒಬ್ಬರಿಗೇ ಒಪ್ಪಿಸುವುದು ವಾಡಿಕೆಯಾದರೂ ಅದರ ಮುಖ್ಯ ವಿನ್ಯಾಸಕಾರ ಮೈಕ್ ಕ್ಲಾರ್ಕ್. ಕೆಲ್ಲರ್ 2015ರಲ್ಲೇ ಕಂಪನಿ ಬಿಟ್ಟಿದ್ದರು. ಮೊದಲ ಝೆನ್ ಚಿಪ್ ಅಂಗಡಿಗೆ ಬಂದದ್ದು 2017ರ ಮಾರ್ಚ್‌ನಲ್ಲಿ, ರೈಜನ್ ಎಂಬ ಹೆಸರಿನಲ್ಲಿ. ಕೆಲಸ ಶುರುವಾದಾಗಿನಿಂದ ಐದು ವರ್ಷ. ಅದರ ಹಿಂದಿನ ವಿನ್ಯಾಸಕ್ಕಿಂತ ಪ್ರತಿ ಮಿಡಿತಕ್ಕೆ ಶೇ 52ರಷ್ಟು ಹೆಚ್ಚು ಕೆಲಸ ಮಾಡುತ್ತದೆ ಎಂದು ಕಂಪನಿ ಹೇಳಿತು. ಎಂಟು ಕೋರ್‌ಗಳ ಅತಿ ದುಬಾರಿ ರೈಜನ್ ಚಿಪ್‌ನ ಬೆಲೆ 499 ಡಾಲರ್ ಇದ್ದರೆ, ಎಂಟು ಕೋರ್‌ಗಳ ಇಂಟೆಲ್ ಚಿಪ್‌ಗೆ ಸಾವಿರ ಡಾಲರ್‌ಗೂ ಹೆಚ್ಚು ತೆರಬೇಕಿತ್ತು.

ಚಿಕ್ಕ ತುಂಡುಗಳ ಗಣಿತ

ಆ ಬೆಲೆ ಸಾಧ್ಯವಾದದ್ದು ಹೇಗೆ? ಎಎಂಡಿಯ ಪುನರುತ್ಥಾನದಲ್ಲಿ ಅತಿ ಕುತೂಹಲಕಾರಿಯಾದ, ಆದರೆ ಕಡಿಮೆ ಚರ್ಚೆಯಾಗುವ ಭಾಗ ಇದೇ ಎಂದು ನನಗನ್ನಿಸುತ್ತದೆ.

ಚಿಪ್‌ಗಳನ್ನು 300 ಮಿಲಿಮೀಟರ್ ಅಗಲದ ಸಿಲಿಕಾನ್ ಬಿಲ್ಲೆಯ ಮೇಲೆ ಸಾಲುಸಾಲಾಗಿ ಮೂಡಿಸಿ ಆಮೇಲೆ ಕತ್ತರಿಸುತ್ತಾರೆ. ಈ ಬಿಲ್ಲೆಗೆ ವೇಫರ್ ಎಂದು ಹೆಸರು. ಎಷ್ಟೇ ಎಚ್ಚರ ವಹಿಸಿದರೂ ಅದರ ಮೇಲೆ ಅಲ್ಲಲ್ಲಿ ಸೂಕ್ಷ್ಮ ದೋಷಗಳು ಬಿದ್ದೇ ಬೀಳುತ್ತವೆ. ಒಟ್ಟು ಚಿಪ್‌ಗಳಲ್ಲಿ ಸರಿಯಾಗಿ ಕೆಲಸ ಮಾಡುವಂಥವುಗಳ ಪ್ರಮಾಣವನ್ನು ಇಳುವರಿ ಎನ್ನೋಣ. ಈಗ ಒಂದು ಕಾಲ್ಪನಿಕ ಲೆಕ್ಕ ಹಾಕಿ. ವೇಫರ್ ಒಂದರಲ್ಲಿ 32 ಕೋರ್‌ಗಳ 60 ದೊಡ್ಡ ಚಿಪ್‌ಗಳು ಹಿಡಿಯುತ್ತವೆ, ಮತ್ತು ಬೇರೆ ಬೇರೆ ಜಾಗಗಳಲ್ಲಿ 30 ದೋಷಗಳಿವೆ. ಪ್ರತಿ ದೋಷವೂ ಒಂದು ಚಿಪ್ಪನ್ನು ಕೆಡಿಸಿದರೆ ಉಳಿಯುವುದು 30, ಅಂದರೆ ಅರ್ಧ. ಅದೇ ವೇಫರನ್ನು ತಲಾ ಎಂಟು ಕೋರ್‌ಗಳ 240 ಚಿಕ್ಕ ಚಿಪ್‌ಗಳಾಗಿ ಹಂಚಿದರೆ, ಅದೇ 30 ದೋಷಗಳು 30 ಚಿಕ್ಕ ಚಿಪ್‌ಗಳನ್ನು ಮಾತ್ರ ಕೆಡಿಸುತ್ತವೆ, 210 ಉಳಿಯುತ್ತವೆ. ನಾಲ್ಕು ನಾಲ್ಕನ್ನು ಒಂದೇ ಹೊದಿಕೆಯಲ್ಲಿ ಜೋಡಿಸಿದರೆ 32 ಕೋರ್‌ಗಳ 52 ಪ್ರೊಸೆಸರ್‌ಗಳಾಗುತ್ತವೆ. ವೇಫರ್ ಅದೇ, ದೋಷಗಳೂ ಅವೇ. ಮಾರಲು ಸಿಗುವ ಸರಕು ಮಾತ್ರ 30ರಿಂದ 52ಕ್ಕೆ ಏರಿತು.

ಸರ್ವರ್‌ಗಳಿಗೆ, ಅಂದರೆ ದತ್ತಾಂಶ ಕೇಂದ್ರಗಳ ದೊಡ್ಡ ಕಂಪ್ಯೂಟರ್‌ಗಳಿಗೆ, ತಂದ 2017ರ ಎಪಿಕ್ ಪ್ರೊಸೆಸರ್‌ನಲ್ಲಿ ಎಎಂಡಿ ಮಾಡಿದ್ದು ಇದನ್ನೇ. ತಲಾ 213 ಚದರ ಮಿಲಿಮೀಟರ್‌ನ ನಾಲ್ಕು ತುಂಡುಗಳನ್ನು ಅದು ಜೋಡಿಸಿತು. ಒಂದೇ ದೊಡ್ಡ ಚಿಪ್ ಮಾಡಿದ್ದರೆ 777 ಚದರ ಮಿಲಿಮೀಟರ್ ಸಾಕಾಗುತ್ತಿತ್ತು, ನಾಲ್ಕು ತುಂಡುಗಳಿಗೆ 852 ಬೇಕಾಯಿತು. ಆದರೂ ವೆಚ್ಚ ಒಂಟಿ ಚಿಪ್‌ನ ಸುಮಾರು ಶೇ 59ರಷ್ಟೇ ಆಯಿತು ಎಂಬುದು ಎಎಂಡಿಯೇ ಮುಂದಿಟ್ಟ ಲೆಕ್ಕ. ಇನ್ನೊಂದು ಅನುಕೂಲವೂ ಇತ್ತು. ಅದೇ ತುಂಡು ಒಂಟಿಯಾಗಿ ಮೇಜಿನ ಕಂಪ್ಯೂಟರಿಗೂ, ನಾಲ್ಕಾಗಿ ಸರ್ವರ್‌ಗೂ ಹೋಗುತ್ತಿತ್ತು. ಒಂದೆರಡು ಕೋರ್ ಕೆಟ್ಟಿದ್ದರೆ ಅವನ್ನು ಮುಚ್ಚಿ ಆರು ಕೋರ್‌ಗಳ ಚಿಪ್ ಎಂದು ಮಾರಬಹುದಿತ್ತು. ಹಲವು ವಿನ್ಯಾಸಗಳಿಗೆ ದುಡ್ಡಿಲ್ಲದ ಕಂಪನಿಗೆ ಒಂದೇ ವಿನ್ಯಾಸ ಎಲ್ಲ ಕಡೆಗೂ ಸಾಕಾಯಿತು.

ಇದಕ್ಕೆ ಬೆಲೆಯೂ ಇದೆ. ತುಂಡುಗಳ ನಡುವೆ ಮಾಹಿತಿ ಸಾಗಲು ಒಂದೇ ಚಿಪ್‌ನ ಒಳಗೆ ಸಾಗುವುದಕ್ಕಿಂತ ಹೆಚ್ಚು ಸಮಯ ಮತ್ತು ವಿದ್ಯುತ್ ಬೇಕು, ಮೊದಲ ಎಪಿಕ್‌ನಲ್ಲಿ ಆ ಕೊರತೆ ಎದ್ದು ಕಾಣುತ್ತಿತ್ತು. 2019ರ ಎರಡನೆಯ ಎಪಿಕ್‌ನಲ್ಲಿ ಎಎಂಡಿ ಕೋರ್‌ಗಳನ್ನು ಎಂಟು ಪುಟ್ಟ ತುಂಡುಗಳಲ್ಲಿಟ್ಟು, ಮೆಮೊರಿ ಮತ್ತು ಹೊರಗಿನ ಸಂಪರ್ಕವನ್ನು ನೋಡಿಕೊಳ್ಳುವ ಒಂದು ಪ್ರತ್ಯೇಕ ತುಂಡನ್ನು ನಡುವೆ ಕೂರಿಸಿತು. ವೇಗ ಬೇಕಾದ ಕೋರ್‌ಗಳನ್ನು ತೈವಾನ್‌ನ ಫೌಂಡ್ರಿ ಕಂಪನಿ ಟಿಎಸ್‌ಎಂಸಿಯ ಹೊಸ 7 ನ್ಯಾನೊಮೀಟರ್ ತಯಾರಿಕೆಯಲ್ಲಿ, ನಡುವಿನ ತುಂಡನ್ನು ಹಳೆಯ ಅಗ್ಗದ ತಯಾರಿಕೆಯಲ್ಲಿ ಮಾಡಿಸಿತು. ಒಟ್ಟು ಕೋರ್‌ಗಳು 64. ಆಗ ಇಂಟೆಲ್‌ನ ಮುಖ್ಯ ಸರ್ವರ್ ಚಿಪ್‌ಗಳಲ್ಲಿ ಇದ್ದದ್ದು 28. ಇಂಥ ತುಂಡುಗಳಿಗೆ ಈಗ ಚಿಪ್ಲೆಟ್ ಎಂಬ ಹೆಸರು ರೂಢಿಯಾಗಿದೆ.

ಇಂಟೆಲ್ ಎಡವಿದ ಜಾಗ

ಇಷ್ಟೆಲ್ಲ ಮಾಡಿದರೂ, ಮುಂದಿದ್ದವನು ಎಡವದಿದ್ದರೆ ಎಎಂಡಿಗೆ ಅವನನ್ನು ಹಿಡಿಯುವುದು ಸಾಧ್ಯವಾಗುತ್ತಿರಲಿಲ್ಲ. ಇಂಟೆಲ್‌ನ 14 ನ್ಯಾನೊಮೀಟರ್ ತಯಾರಿಕೆ 2014ರಲ್ಲಿ ಬಂದಿತ್ತು. 10 ನ್ಯಾನೊಮೀಟರ್ ಎರಡು ವರ್ಷಗಳಲ್ಲಿ ಬರಬೇಕಿತ್ತು, ದೊಡ್ಡ ಪ್ರಮಾಣದಲ್ಲಿ ಬಂದದ್ದು 2019ರಲ್ಲಿ. ಒಂದೇ ಜಿಗಿತದಲ್ಲಿ ಟ್ರಾನ್ಸಿಸ್ಟರ್‌ಗಳ ಸಾಂದ್ರತೆಯನ್ನು 2.7 ಪಟ್ಟು ಹೆಚ್ಚಿಸುವ ಗುರಿಯನ್ನು ಅದು ಇಟ್ಟುಕೊಂಡಿತ್ತು. ವೇಫರ್ ಮೇಲೆ ಗೆರೆಗಳನ್ನು ಬೆಳಕಿನಿಂದ ಮೂಡಿಸುತ್ತಾರೆ. ಆಗ ಬಳಕೆಯಲ್ಲಿದ್ದ ಬೆಳಕಿನ ತರಂಗಾಂತರ 193 ನ್ಯಾನೊಮೀಟರ್. ಅಷ್ಟು ದಪ್ಪದ ಬೆಳಕಿನಿಂದ ಅತಿ ತೆಳುವಾದ ಗೆರೆಗಳನ್ನು ಪಡೆಯಲು ಒಂದೇ ಪದರವನ್ನು ಹಲವು ಹಂತಗಳಲ್ಲಿ ರೂಪಿಸಬೇಕಾಗುತ್ತದೆ, ಹಂತ ಹೆಚ್ಚಿದಷ್ಟೂ ದೋಷ ಹೆಚ್ಚುತ್ತದೆ. ನೆದರ್ಲೆಂಡ್ಸ್‌ನ ಎಎಸ್‌ಎಂಎಲ್ ಕಂಪನಿಯ, 13.5 ನ್ಯಾನೊಮೀಟರ್ ಬೆಳಕಿನ ಇಯುವಿ ಯಂತ್ರಗಳು ಈ ತೊಡಕನ್ನು ಕಡಿಮೆ ಮಾಡುತ್ತವೆ. ಟಿಎಸ್‌ಎಂಸಿ ಅವನ್ನು 2019ರಲ್ಲೇ ತಯಾರಿಕೆಗೆ ಇಳಿಸಿತು, ಇಂಟೆಲ್ ಚಿಪ್‌ಗಳಲ್ಲಿ ಅವುಗಳ ಬಳಕೆ ಕಂಡದ್ದು 2023ರಲ್ಲಿ.

ವಿನ್ಯಾಸ ಮತ್ತು ತಯಾರಿಕೆ ಒಂದೇ ಸೂರಿನಡಿ ಇದ್ದದ್ದು ಅಷ್ಟು ಕಾಲ ಇಂಟೆಲ್‌ನ ಶಕ್ತಿಯಾಗಿತ್ತು, ಈಗ ಅದೇ ಕಾಲಿಗೆ ತೊಡರಿತು. ಹೊಸ ಕೋರ್ ವಿನ್ಯಾಸಗಳನ್ನು 10 ನ್ಯಾನೊಮೀಟರ್‌ಗೆಂದೇ ಹೆಣೆದಿದ್ದರಿಂದ, ತಯಾರಿಕೆ ತಡವಾದಾಗ ವಿನ್ಯಾಸವೂ ನಿಂತಿತು. 2015ರ ಸ್ಕೈಲೇಕ್ ಕೋರ್ ಸಣ್ಣಪುಟ್ಟ ತಿದ್ದುಪಡಿಗಳೊಂದಿಗೆ 2020ರವರೆಗೂ ಮೇಜಿನ ಕಂಪ್ಯೂಟರ್‌ಗಳಲ್ಲಿ ಮುಂದುವರಿಯಿತು. ಫ್ಯಾಬ್‌ಗಳನ್ನು ಬಡತನದಿಂದ ಮಾರಿದ್ದ ಎಎಂಡಿಗೆ ಟಿಎಸ್‌ಎಂಸಿಯ ಬಾಗಿಲು ತಟ್ಟಲು ಅಡ್ಡಿಯಿರಲಿಲ್ಲ.

ಹಿಡಿದದ್ದು ಎಷ್ಟು?

ಹಿಡಿಯುವುದು ಎಂದರೆ ಏನು ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಿಕೊಳ್ಳಬೇಕು. ಚಿಪ್‌ನ ಗುಣಮಟ್ಟದಲ್ಲಿ ಎಎಂಡಿ 2019–20ರ ಹೊತ್ತಿಗೆ ಇಂಟೆಲ್‌ನ ಸಮಕ್ಕೆ, ಕೆಲವೆಡೆ ಮುಂದಕ್ಕೆ ಬಂದಿತು. ಮಾರುಕಟ್ಟೆಯ ಪಾಲು ಬಹಳ ನಿಧಾನವಾಗಿ ಬಂದಿತು: 2017ರಲ್ಲಿ ಸರ್ವರ್‌ಗಳಲ್ಲಿ ಶೇ 1ರ ಆಸುಪಾಸಿನಲ್ಲಿದ್ದ ಎಎಂಡಿಯ ಪಾಲು ಸುಮಾರು ಕಾಲು ಭಾಗಕ್ಕೆ ತಲುಪಲು 2024 ಬೇಕಾಯಿತು. ವರಮಾನದಲ್ಲಿ ಅದು ಇನ್ನೂ ಹಿಂದೆ. 2024ರಲ್ಲಿ ಎಎಂಡಿಯದು ಸುಮಾರು 2,580 ಕೋಟಿ ಡಾಲರ್, ಇಂಟೆಲ್‌ನದು ಸುಮಾರು 5,310 ಕೋಟಿ.

ಈ ವಿಳಂಬಕ್ಕೆ ಕಾರಣಗಳಿವೆ. ಸಾವಿರಾರು ಸರ್ವರ್‌ಗಳನ್ನು ಕೊಳ್ಳುವ ಸಂಸ್ಥೆ ಒಂದು ಒಳ್ಳೆಯ ಚಿಪ್ ಕಂಡ ಮಾತ್ರಕ್ಕೆ ಪೂರೈಕೆದಾರನನ್ನು ಬದಲಿಸುವುದಿಲ್ಲ. ಮುಂದಿನ ಎರಡು ತಲೆಮಾರುಗಳೂ ಹೇಳಿದ ಸಮಯಕ್ಕೆ ಬರುತ್ತವೆಯೇ ಎಂದು ಕಾದು ನೋಡುತ್ತದೆ, ತನ್ನ ತಂತ್ರಾಂಶವನ್ನು ತಿಂಗಳುಗಟ್ಟಲೆ ಪರೀಕ್ಷಿಸುತ್ತದೆ. ಲ್ಯಾಪ್‌ಟಾಪ್ ತಯಾರಕರಿಗೆ ವರ್ಷವಿಡೀ ಲಕ್ಷಾಂತರ ಚಿಪ್‌ಗಳು ತಪ್ಪದೆ ಬರಬೇಕು. ಸ್ವಂತ ಫ್ಯಾಬ್‌ಗಳಿರುವ ಇಂಟೆಲ್ ಅಲ್ಲಿ ಬಹುಕಾಲ ಮೇಲುಗೈ ಉಳಿಸಿಕೊಂಡಿತು.

ಈಗ ಬೆನ್ನಟ್ಟುವ ಸರದಿ ಇಂಟೆಲ್‌ನದು

ಎಎಂಡಿಯ ಕಥೆಯನ್ನು ಇಂಟೆಲ್‌ಗೆ ಹಾಗೆಯೇ ಹೊಂದಿಸಲು ಬರುವುದಿಲ್ಲ. ಎಎಂಡಿ ವಿನ್ಯಾಸವೊಂದನ್ನೇ ಸರಿಪಡಿಸಿಕೊಂಡು ತಯಾರಿಕೆಯನ್ನು ಬಾಡಿಗೆಗೆ ಪಡೆಯಿತು. ಇಂಟೆಲ್ ಎರಡು ಕಡೆ ಓಡುತ್ತಿದೆ: ವಿನ್ಯಾಸದಲ್ಲಿ ಎಎಂಡಿಯ ಎದುರು, ತಯಾರಿಕೆಯಲ್ಲಿ ಟಿಎಸ್‌ಎಂಸಿಯ ಎದುರು. ಇದರ ನಡುವೆ ಕಣವೂ ಬದಲಾಗಿದೆ. ಆಪಲ್ 2020ರಲ್ಲಿ ತನ್ನದೇ ಎಂ1 ಚಿಪ್‌ನೊಂದಿಗೆ ಇಂಟೆಲ್‌ನಿಂದ ಹೊರನಡೆಯಿತು, ಕೃತಕ ಬುದ್ಧಿಮತ್ತೆಯ ಹಣದ ಹೊಳೆ ಎನ್ವಿಡಿಯಾದ ಗ್ರಾಫಿಕ್ಸ್ ಚಿಪ್‌ಗಳತ್ತ ಹರಿಯಿತು.

2021ರಲ್ಲಿ ಸಿಇಒ ಆಗಿ ಮರಳಿದ ಪ್ಯಾಟ್ ಗೆಲ್ಸಿಂಗರ್ ನಾಲ್ಕು ವರ್ಷಗಳಲ್ಲಿ ತಯಾರಿಕೆಯ ಐದು ತಲೆಮಾರುಗಳನ್ನು ದಾಟುವ ಗುರಿ ಘೋಷಿಸಿದರು, ಇಂಟೆಲ್‌ನ ಫ್ಯಾಬ್‌ಗಳನ್ನು ಹೊರಗಿನವರಿಗೂ ತೆರೆದರು. ಅವರು 2024ರ ಡಿಸೆಂಬರ್‌ನಲ್ಲಿ ನಿರ್ಗಮಿಸಿದರು. 2025ರ ಮಾರ್ಚ್‌ನಿಂದ ಲಿಪ್-ಬು ಟಾನ್ ಆ ಸ್ಥಾನದಲ್ಲಿದ್ದಾರೆ. ಇಂಟೆಲ್‌ನ ಸ್ಥಿತಿಯನ್ನು ಹೇಳಲು ಒಂದು ಸಂಗತಿ ಸಾಕು: 2024ರಲ್ಲಿ ಅದು ಬಿಡುಗಡೆ ಮಾಡಿದ ಲೂನಾರ್ ಲೇಕ್ ಮತ್ತು ಆರೋ ಲೇಕ್ ಚಿಪ್‌ಗಳ ಮುಖ್ಯ ತುಂಡುಗಳನ್ನು ತಯಾರಿಸಿದ್ದು ಟಿಎಸ್‌ಎಂಸಿ.

ಗೆಲ್ಸಿಂಗರ್ ಕಾಲದ ಯೋಜನೆಯ ಫಲ ‘18ಎ’ ಎಂಬ ತಯಾರಿಕೆ. ಅದರಲ್ಲಿ ಎರಡು ಹೊಸತುಗಳಿವೆ. ಟ್ರಾನ್ಸಿಸ್ಟರ್‌ನಲ್ಲಿ ವಿದ್ಯುತ್ ಹರಿಯುವ ದಾರಿಯನ್ನು ನಿಯಂತ್ರಕವು ನಾಲ್ಕೂ ಸುತ್ತಿನಿಂದ ಆವರಿಸಿಕೊಳ್ಳುವುದರಿಂದ ಸೋರಿಕೆ ಕಡಿಮೆಯಾಗುತ್ತದೆ. ವಿದ್ಯುತ್ ಪೂರೈಸುವ ತಂತಿಗಳನ್ನು ಚಿಪ್‌ನ ಹಿಂಬದಿಗೆ ಸಾಗಿಸಿರುವುದರಿಂದ ಮುಂಬದಿಯಲ್ಲಿ ಮಾಹಿತಿಯ ತಂತಿಗಳಿಗೆ ಜಾಗ ಸಿಗುತ್ತದೆ. ಪ್ಯಾಂಥರ್ ಲೇಕ್ ಎಂಬ ಲ್ಯಾಪ್‌ಟಾಪ್ ಚಿಪ್‌ಗಳನ್ನು ಅರಿಜೋನಾದ ಚಾಂಡ್ಲರ್‌ನಲ್ಲಿರುವ ಹೊಸ ಫ್ಯಾಬ್‌ನಲ್ಲಿ ಇದೇ ತಯಾರಿಕೆಯಿಂದ ಮಾಡುತ್ತಿರುವುದಾಗಿ ಇಂಟೆಲ್ 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ತಾಂತ್ರಿಕವಾಗಿ ಇದು ಗಂಭೀರವಾದ ಮರುಪ್ರವೇಶ.

ಆದರೆ ಫ್ಯಾಬ್‌ನ ಅರ್ಥಶಾಸ್ತ್ರ ಬೇರೆ. ಒಂದು ಇಯುವಿ ಯಂತ್ರದ ಬೆಲೆಯೇ 15 ಕೋಟಿ ಡಾಲರ್ ದಾಟುತ್ತದೆ; ಟಿಎಸ್‌ಎಂಸಿ 2024ರಲ್ಲಿ ಯಂತ್ರ ಮತ್ತು ಕಟ್ಟಡಗಳಿಗೆ ಸುಮಾರು 3,000 ಕೋಟಿ ಡಾಲರ್ ಹೂಡಿತು. ಆ ಹೂಡಿಕೆಯನ್ನು ಅದು ಆಪಲ್, ಎನ್ವಿಡಿಯಾ, ಎಎಂಡಿ ಸೇರಿದಂತೆ ನೂರಾರು ಗ್ರಾಹಕರ ಮೇಲೆ ಹಂಚುತ್ತದೆ. ತಾನು ಸ್ವಂತ ಚಿಪ್ ಮಾರುವುದಿಲ್ಲವಾದ್ದರಿಂದ ಗ್ರಾಹಕರಿಗೆ ಅದು ಪ್ರತಿಸ್ಪರ್ಧಿಯೂ ಅಲ್ಲ. ಇಂಟೆಲ್ ಬರೀ ತನ್ನ ಚಿಪ್‌ಗಳಿಂದಲೇ ಅಂಥ ಖರ್ಚನ್ನು ತುಂಬಿಸಿಕೊಳ್ಳಲಾರದು, ಮತ್ತು ಅದರ ಫ್ಯಾಬ್‌ಗೆ ಬರಬಹುದಾದ ಗ್ರಾಹಕರಲ್ಲಿ ಅನೇಕರು ಚಿಪ್ ಮಾರಾಟದಲ್ಲಿ ಅದರ ಎದುರಾಳಿಗಳೇ. 18ಎ ನಂತರದ ‘14ಎ’ ತಯಾರಿಕೆಗೆ ದೊಡ್ಡ ಗ್ರಾಹಕರೊಬ್ಬರು ಸಿಗದಿದ್ದರೆ ಅದರ ಅಭಿವೃದ್ಧಿಯನ್ನೇ ತಡೆಹಿಡಿಯಬಹುದು ಅಥವಾ ಕೈಬಿಡಬಹುದು ಎಂದು ಇಂಟೆಲ್ 2025ರ ಜುಲೈನಲ್ಲಿ ತನ್ನ ಹಣಕಾಸು ದಾಖಲೆಯಲ್ಲೇ ತಿಳಿಸಿತು. ಹೊಸ ಫ್ಯಾಬ್‌ಗೆ ಒಪ್ಪಿದ ಗ್ರಾಹಕನ ಚಿಪ್ ವಿನ್ಯಾಸಗೊಂಡು, ಪರೀಕ್ಷೆಗಳನ್ನು ಮುಗಿಸಿ ಹೊರಬರಲು ವರ್ಷಗಳೇ ಹಿಡಿಯುತ್ತವೆ. ಹಾಗಾಗಿ ಇಂಟೆಲ್ ಟಿಎಸ್‌ಎಂಸಿಯನ್ನು ಹಿಡಿಯುತ್ತದೆಯೇ ಎಂಬುದರ ಸುಳಿವು ಈಗಿನ ಲ್ಯಾಪ್‌ಟಾಪ್‌ಗಳ ವೇಗದ ಪರೀಕ್ಷೆಗಳಿಗಿಂತ ಮೊದಲು, 14ಎಗೆ ಯಾರು ಆರ್ಡರ್ ಕೊಡುತ್ತಾರೆ ಎಂಬುದರಲ್ಲಿ ಸಿಗಲಿದೆ.